ಕ್ಯಾರವಾನಿಗೆ ತಾಗಿದ ಕಣ್ಣು

ನೈರೋಬಿಯ ಹೈರಿಡ್ಜ್ ಬಡಾವಣೆಯ ಆ ಮೂರಂತಸ್ತಿನ ಫ್ಲ್ಯಾಟುಗಳ ಅಂಗಳಕ್ಕೆ ಜಯಮಾಲಾ ಕ್ಯಾರವಾನ್ ಎಳೆದುಕೊಂಡು ಬಂದ ಸಂಜೆ ನಿರುಪಮಾ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಮುಂದೆ ಆನೆಯಂಥ ಬಿಳಿ ಲ್ಯಾಂಡ್ ಕ್ರೂಸರ್. ಅದರ ಬಾಲಕ್ಕೆ ಕೊಂಡಿ ಹಾಕಿಸಿಕೊಂಡು ಹಿಂದೆ ಹಿಂದೆಯೇ ಬಂದ ಗಾಲಿಗಳ ಮೇಲಿನ ಮನೆ. ಮನೆಯೆಂದರೆ ಮನೆಯೇ. ಕಿಟಕಿ ಇತ್ತು, ಕಿಟಕಿಗೆ ಹಳದಿ ಹೂವಿನ ಪರದೆ ಇತ್ತು, ಬಾಗಿಲಿಗೆ ಆಗಲೇ ಪ್ಲಾಸ್ಟಿಕ್ ಮಾವಿನ ತೋರಣವೂ ಬಿದ್ದಿತ್ತು. ನಿರುಪಮಾ ಮಗನ ಚಡ್ಡಿಯೊಂದನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಅಮ್ಮಾ! ಜಯಾ ಆಂಟಿ ಹ್ಯಾಸ್ ಎ ಹೌಸ್ ವಿತ್ ವೀಲ್ಸ್!" ಎಂದು ಐದು ವರ್ಷದ ಅಮೋಘ್ ಕೂಗಿದ. ಅವಳು ಚಪ್ಪಲಿ ಹುಡುಕುವಷ್ಟರಲ್ಲಿ ಅವನು ಮೆಟ್ಟಿಲಿಳಿದು, ಅಂಗಳ ದಾಟಿ, ಜಯಮಾಲಾಳ ಸೆರಗು ಹಿಡಿದು ನಿಂತಿದ್ದ.

ಅದೇ ಅವಳಿಗೆ ಚುಚ್ಚಿದ್ದು. ಗಾಡಿಯಲ್ಲ, ಆ ಸೆರಗು.

ಜಯಮಾಲಾ ಐವತ್ತು ದಾಟಿದ ಹೆಂಗಸು. ತಿಪಟೂರಿನ ಕಡೆಯವಳು, ಪಿಯುಸಿ ಮುಗಿಸುವ ಮೊದಲೇ ಮದುವೆಯಾಗಿ, ಇಂಡಸ್ಟ್ರಿಯಲ್ ಏರಿಯಾದ ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಎಂಜಿನಿಯರ್ ಆಗಿದ್ದ ಉಮಾಶಂಕರನ ಕೈ ಹಿಡಿದು ನೈರೋಬಿಗೆ ಬಂದವಳು. ಮೊದಲು ಸೌತ್ ಸಿ ಬಡಾವಣೆಯ ಒಂದು ಕೋಣೆಯಲ್ಲಿ ಸಂಸಾರ, ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಓಡಾಟ. ಆಮೇಲೆ ಒಂದು ಭಾನುವಾರ ಫ್ಯಾಕ್ಟರಿಯ ಖಾಲಿ ಅಂಗಳದಲ್ಲಿ ಪಿಕಪ್ ಓಡಿಸುವುದನ್ನು ಕಲಿತಳಂತೆ. ಈಗ ಕಾಟನ್ ಸೀರೆಯನ್ನು ಎತ್ತಿ ಕಟ್ಟಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿ ಆ ದೈತ್ಯ ಗಾಡಿ ಹತ್ತಿದಳೆಂದರೆ ರೌಂಡಬೌಟಿನಲ್ಲಿ ಮಟಾಟುಗಳೇ ದಾರಿ ಬಿಡುತ್ತಿದ್ದವು.

ನಿರುಪಮಾ ಜಯನಗರದಲ್ಲಿ ಕಾನ್ವೆಂಟ್ ಓದಿದವಳು, ಬಿ.ಇ. ಮಾಡಿದವಳು. ಗಂಡ ದ್ವಾರಕಾನಾಥ್‌ಗೆ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಪೋಸ್ಟಿಂಗ್ ಆದಾಗ ಜೊತೆಗೆ ಬಂದಳು. ಅವಳ ಡ್ರೈವಿಂಗ್ ಲೈಸೆನ್ಸ್ ಬೀರುವಿನಲ್ಲಿ, ಮದುವೆಯ ಸೀರೆಗಳ ಕೆಳಗೆ, ಅವುಗಳಷ್ಟೇ ಅಪರೂಪದ ವಸ್ತುವಾಗಿ ಮಲಗಿತ್ತು. ಗಂಡ ಕಾರು ತೆಗೆದುಕೊಂಡು ಕೆಲಸಕ್ಕೆ ಹೋದರೆ ಪಾರ್ಕ್‌ಲ್ಯಾಂಡ್ಸಿನ ದೇವಸ್ಥಾನಕ್ಕೂ ಟ್ಯಾಕ್ಸಿ ಕರೆಸಬೇಕು. ಗೇಟಿನ ಕಾವಲುಗಾರ ಡೇವಿಡ್, ಅಲ್ಲಿಯ ರೂಢಿಯಂತೆ, ಮಗನ ಹೆಸರು ಸೇರಿಸಿ ಅವಳನ್ನು "ಮಾಮಾ ಅಮೋಘ್" ಎನ್ನುತ್ತಿದ್ದ. ಜಯಮಾಲಾಳನ್ನು ಮಾತ್ರ "ಮಾಮಾ ಗಾರಿ" ಎನ್ನುತ್ತಿದ್ದ. ಮಾಮಾ ಎಂದರೆ ಅಲ್ಲಿ ಅಮ್ಮ, ಗಾರಿ ಎಂದರೆ ಗಾಡಿ.

"ನೋಡಿ, ನನ್ನ ಹೆಸರಲ್ಲಿ ಮಗು ಇದೆ, ಅವರ ಹೆಸರಲ್ಲಿ ಗಾಡಿ ಇದೆ," ಎಂದು ಅವಳು ಗಂಡನಿಗೆ ಹೇಳಿದ್ದಳು.

"ನನ್ನನ್ನ ಏನಂತಾನೋ ಕೇಳಿಲ್ವಲ್ಲ," ಎಂದ ದ್ವಾರಕಾನಾಥ್. "ಬರೀ ಬಾಸ್. ಬಾಸ್ ಅಂತೆ, ಈ ಮನೇಲಿ!"

ಕ್ಯಾರವಾನ್ ಬಂದ ಸಂಜೆಯೇ ಜಯಮಾಲಾ ತಟ್ಟೆ ತುಂಬ ಚಕ್ಕುಲಿ ಹಿಡಿದು ಮೇಲೆ ಬಂದಳು. "ಶನಿವಾರ ನೈವಾಷಾ ಕೆರೆಗೆ ಹೊರಟಿದೀವಿ. ನೀವೂ ಬನ್ನಿ. ನಿಮಗೆ ಅಲ್ಲೇ ಕಾಟೇಜ್ ಸಿಗುತ್ತೆ. ಇವನು ನಮ್ ಗಾಡೀಲಿ ಬರ್ಲಿ, ರಾತ್ರಿ ಕ್ಯಾರವಾನಲ್ಲಿ ಮಲಗ್ಲಿ. ಏನೋ, ಮಲಗ್ತೀಯೇನೋ?"

"ಯೆಸ್! ಯೆಸ್!" ಎಂದು ಅಮೋಘ್ ಸೋಫಾದ ಮೇಲೆ ಕುಣಿದ.

"ಬೇಡೋ, ಬೀಳ್ತೀಯ!" ಎಂದಳು ನಿರುಪಮಾ. ಅಷ್ಟರಲ್ಲಿ ದ್ವಾರಕಾನಾಥ್ ಬರುತ್ತೇವೆಂದು ಒಪ್ಪಿಬಿಟ್ಟಿದ್ದ.

ಆ ವಾರವೆಲ್ಲ ಅಮೋಘ್‌ಗೆ ಕ್ಯಾರವಾನಿನದೇ ಧ್ಯಾನ. ಮಗ ಇದುವರೆಗೆ ಒಂದು ರಾತ್ರಿಯೂ ಅವಳ ಪಕ್ಕ ಬಿಟ್ಟು ಮಲಗಿದವನಲ್ಲ. ಈಗ ಊಟಕ್ಕೆ ಕರೆದರೆ ಕ್ಯಾರವಾನಿನ ಕಿಟಕಿಯಿಂದ ಉತ್ತರ. ಒಳಗೆ ಮಡಚುವ ಮಂಚವಿದೆಯಂತೆ, ಗುಂಡಿ ಒತ್ತಿದರೆ ನೀರು ಬರುತ್ತದಂತೆ, ಜಯಾ ಆಂಟಿ ಅವನಿಗೆ ಕೊಂಡಿ ಹಾಕುವುದನ್ನು ಹೇಳಿಕೊಟ್ಟರಂತೆ. "ಅವರ್ ಹೌಸ್" ಎಂದು ಅವನು ಹೇಳುವಾಗಲೆಲ್ಲ ಯಾವ ಮನೆಯೆಂದು ಅವಳು ಕೇಳಬೇಕಾಗಿ ಬಂತು.

ಉಮಾಶಂಕರನ ಕಣ್ಣಿನ ವಿಷಯ ಅವಳಿಗೆ ಗೊತ್ತಿಲ್ಲದ್ದಲ್ಲ. ಎರಡು ಆಪರೇಷನ್ ಆದರೂ ಅವನ ನೋಟ ಬದಿಗಳಿಂದ ಕಿರಿದಾಗುತ್ತಲೇ ಇತ್ತು. ಸ್ಟೀರಿಂಗ್ ಹೆಂಡತಿಯ ಕೈಗೆ ಬಂದದ್ದೇ ಅದರಿಂದ. ಕೆರೆ, ಹಕ್ಕಿ ಅಂದರೆ ಅವನಿಗೆ ಪ್ರಾಣ. ಹೋಟೆಲಿನ ಹೊಸ ಕೋಣೆಯಲ್ಲಿ ಕತ್ತಲಾದರೆ ಗೋಡೆ ತಡಕಾಡಿ ಎಡವುತ್ತಾನೆಂದು, ಗೊತ್ತಿರುವ ಮನೆಯನ್ನೇ ಕೆರೆಯ ದಂಡೆಗೆ ಎಳೆದೊಯ್ಯಲು ಜಯಮಾಲಾ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಹುಡುಕಿದ್ದಳು. ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆಯುರಿ ಆರಲಿಲ್ಲ. ಪಾಪ ಅನ್ನಬೇಕಾದವರ ಮೇಲೆ ಅಸೂಯೆಪಡುವುದು ಇನ್ನೂ ಕಷ್ಟ, ಬೈದುಕೊಳ್ಳಲೂ ಆಗುವುದಿಲ್ಲ.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಜಯಮಾಲಾ ಕೆಳಗಿನಿಂದ ಕರೆದಳು. "ನಿರುಪಮಾ, ಬಾರೇ ಇಲ್ಲಿ. ಹೊಸಾ ಗಾಡಿ, ಬೀದಿ ತುಂಬ ಜನ ನೋಡಿದಾರೆ. ಒಂದು ದೃಷ್ಟಿ ತೆಗೆದುಬಿಡು."

"ನಾನಾ?"

"ನೀನೇ. ಚಿಕ್ಕೋಳು, ಮುತ್ತೈದೆ, ಮನಸ್ಸಲ್ಲಿ ಕಲ್ಮಶ ಇಲ್ದೋಳು. ನನ್ನ ಗಾಡಿಗೆ ನಾನೇ ತೆಗ್ಯೋಕಾಗುತ್ತಾ?"

ಅಂಗಳದಲ್ಲಿ ಇದ್ದಿಲಿನ ಜೀಕೋ ಒಲೆ ನಿಗಿನಿಗಿ ಉರಿಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಉಮಾಶಂಕರ ನಕ್ಕ. "ನನ್ನ ಮೇಲೆ ಮಾತ್ರ ಅನುಮಾನ ಬೇಡಮ್ಮ. ನನಗೆ ದೃಷ್ಟೀನೇ ಇಲ್ಲ, ನನ್ನ ದೃಷ್ಟಿ ಎಲ್ಲಿ ತಾಗ್ಬೇಕು!"

ನಿರುಪಮಾ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕ್ಯಾರವಾನಿನ ಮುಂದೆ ನಿಂತಳು. ಇಳಿ ತೆಗೆಯುತ್ತ ಹೇಳಬೇಕಾದ ಮಾತು ಅಜ್ಜಿಯಿಂದ ಬಂದದ್ದು: ದಾರೀಲಿ ಹೋಗೋರ ಕಣ್ಣು, ಬರೋರ ಕಣ್ಣು, ನೆರೆಯೋರ ಕಣ್ಣು... 'ನೆರೆಯೋರು' ಎಂಬಲ್ಲಿ ಅವಳು ಮಾತು ನಿಲ್ಲಿಸಿದಳು. ಆ ಒಂದು ಪದ ನುಂಗಿ, ಮುಷ್ಟಿಯಲ್ಲಿದ್ದುದನ್ನು ಕೆಂಡಕ್ಕೆ ಸುರಿದಳು.

ದೃಷ್ಟಿ ಆಗಿರದಿದ್ದರೆ ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮಬೇಕು. ಉಪ್ಪು ಚಟಪಟ ಎಂದಿತು. ಮೆಣಸು ಕಪ್ಪಾಯಿತು. ಕಾದರು. ಒಬ್ಬರಿಗೂ ಒಂದು ಸೀನೂ ಬರಲಿಲ್ಲ.

"ಅಬ್ಬಬ್ಬಾ!" ಜಯಮಾಲಾ ಎದೆಯ ಮೇಲೆ ಕೈಯಿಟ್ಟಳು. "ಘಾಟೇ ಇಲ್ವಲ್ಲೇ! ಎಂಥಾ ಕೆಟ್ಟ ಕಣ್ಣು ಬಿದ್ದಿತ್ತು ನೋಡು! ಯಾರದ್ದೋ ಏನೋ, ಹಾಳಾಗಿ ಹೋಗ್ಲಿ!"

"ಗಾಳಿ ಇದೆ ಆಂಟಿ," ಎಂದಳು ನಿರುಪಮಾ. ಅಂಗಳದಲ್ಲಿ ಎಲೆಯೊಂದೂ ಅಲುಗುತ್ತಿರಲಿಲ್ಲ.

ಬೆಳಿಗ್ಗೆ ಹೊರಡುವ ಗಡಿಬಿಡಿ. ಕ್ಯಾರವಾನಿನ ಹಿಂಭಾಗದಲ್ಲಿ ಗಂಡ ಇಟ್ಟಿದ್ದ ಇಡ್ಲಿ ಗ್ರೈಂಡರನ್ನು ಜಯಮಾಲಾ ಬೈಯುತ್ತ ಮಧ್ಯಕ್ಕೆ, ಗಾಲಿಗಳ ಮೇಲಕ್ಕೆ ತಂದಳು. "ಭಾರ ಹಿಂದಿದ್ರೆ ಘಾಟಿ ಇಳಿಯುವಾಗ ಬಾಲ ಅಲ್ಲಾಡಿಸುತ್ತೆ ಇದು. ಆಮೇಲೆ ಬಾಲ ಹೇಳಿದ ಕಡೆ ನಾಯಿ ಹೋಗ್ಬೇಕಾಗುತ್ತೆ." ಸರಪಣಿ ಎಳೆದು ನೋಡಿದಳು, ದೀಪದ ವೈರು ಚುಚ್ಚಿದಳು, ಕಿವಿಯಂತೆ ಹೊರಚಾಚಿದ ಉದ್ದದ ಕನ್ನಡಿಗಳನ್ನು ಒರೆಸಿದಳು. ಇನ್ನು ಅಷ್ಟುದ್ದದ ಜೋಡಿಯನ್ನು ಹಿಮ್ಮುಖವಾಗಿ ಕಿರಿದಾದ ಗೇಟಿನಿಂದ ಹೊರಗೆ ಹಾಕಬೇಕು.

"ಹೆಂಗೆ ಆಂಟಿ ರಿವರ್ಸ್ ಮಾಡ್ತೀರಾ?" ಎಂದು ದ್ವಾರಕಾನಾಥ್ ಬೆರಗಿನಿಂದ ಕೇಳಿದ.

"ಅತ್ತೆಮನೇಲಿ ಬದುಕಿದ ಹಾಗೆ ಕಣಪ್ಪ. ಅದು ಬಲಕ್ಕೆ ಹೋಗ್ಬೇಕಿದ್ರೆ ನಾನು ಎಡಕ್ಕೆ ತಿರುಗಿಸ್ಬೇಕು. ಸೀದಾ ಕೇಳಿದ್ರೆ ಯಾವುದೂ ಆಗಲ್ಲ."

ಎಲ್ಲರೂ ನಕ್ಕರು. ಅಮೋಘ್ ಎಲ್ಲರಿಗಿಂತ ಜೋರಾಗಿ, ಅರ್ಥವಾಗದೆಯೇ ನಕ್ಕ. ಆ ನಗು ನಿರುಪಮಾಳಿಗೆ ಮುಳ್ಳಾಯಿತು. ಏನಾದರೂ ಆಗಿ ಇವತ್ತು ಹೊರಡದಿದ್ದರೆ ಎಷ್ಟು ಚೆನ್ನ ಎಂದು ಮನಸ್ಸು ಅಂದಿತು. ಅನ್ನಬೇಡ ಎಂದರೂ ಅಂದಿತು.

ಗೇಟಿನ ಎಡಕ್ಕೆ ಡೇವಿಡ್ ನಿಂತ. ಬಲಗಡೆಯ ಕಂಬ ಅವನಿಗೆ ಕಾಣದಾದ್ದರಿಂದ ಅಲ್ಲಿ ನೋಡಿಕೊಳ್ಳಲು ನಿರುಪಮಾಳನ್ನು ನಿಲ್ಲಿಸಿದರು. ಡೀಸೆಲ್ ಎಂಜಿನ್ನು ಗುರುಗುಟ್ಟಿತು. ಕ್ಯಾರವಾನ್ ಮೆಲ್ಲನೆ ಹಿಂದಕ್ಕೆ ಸರಿಯಿತು. ಹಳದಿ ಪರದೆಯ ಕಿಟಕಿ ಅವಳ ಮುಂದೆ ಹಾದುಹೋಗುವಾಗ, ಅದನ್ನು ಮುಟ್ಟಲೆಂದು ಅಮೋಘ್ ಗೋಡೆಯ ಬದಿಯ ಹೂಕುಂಡದ ಮೇಲೆ ಹತ್ತಿ ಕೈಚಾಚಿದ.

"ಬೇಡೋ! ಬೇಡೋ! ಬೇಡೋ!" ಎಂದು ನಿರುಪಮಾ ಕಿರುಚಿದಳು.

"ಬಾಡೊ, ಬಾಡೊ! ಕೂಜಾ, ಕೂಜಾ!" ಎಂದು ಆ ಕಡೆಯಿಂದ ಡೇವಿಡ್ ಹುರುಪಾಗಿ ಕೈಬೀಸಿದ. ಬಾ, ಬಾ, ಇನ್ನೂ ಬಾ.

ಜಯಮಾಲಾ ಬಂದಳು. ಹಪ್ಪಳ ಮುರಿದಂಥ ಸದ್ದಾಯಿತು. ಕ್ಯಾರವಾನಿನ ಹಿಂದಿನ ಮೂಲೆ ಬಲಗಡೆಯ ಕಂಬಕ್ಕೆ ಒತ್ತಿ, ಕೆಂಪು ದೀಪ ಚೂರುಚೂರಾಗಿ ನೆಲಕ್ಕೆ ಉದುರಿತು.

ನಿರುಪಮಾಳ ಎದೆಯೊಳಗೆ ಮೊದಲು ಎದ್ದದ್ದು ಹೆದರಿಕೆಯಲ್ಲ. ಒಂದು ಸಣ್ಣ, ತಣ್ಣನೆಯ ಸಮಾಧಾನ. ಅದರ ಬೆನ್ನಿಗೇ ಮೈ ಬೆವರಿತು.

ಜಯಮಾಲಾ ಇಳಿದು ಬಂದಳು. ಮುರಿದ ಮೂಲೆಯನ್ನು ಸವರಿ, ಡೇವಿಡ್‌ನ ಕಡೆ ತಿರುಗಿ ಸ್ವಾಹಿಲಿಯಲ್ಲಿ ಏನೋ ಕೇಳಿದಳು. ಅವನು ಎರಡೂ ಕೈ ಮೇಲೆತ್ತಿ, ನೊಂದ ಮುಖ ಮಾಡಿ, ನಿರುಪಮಾಳನ್ನೇ ತೋರಿಸಿದ. "ಮಾಮಾ ಅಮೋಘ್ ಬಾಡೊ ಅಂದರು! ಮೂರು ಸಲ ಅಂದರು!"

"ನಾನು ಅಂದಿದ್ದು ಬೇಡೋ ಅಂತ! ಇವನಿಗೆ, ಅಮೋಘ್‌ಗೆ!"

ಜಯಮಾಲಾ ಗಾಡಿಗೆ ಒರಗಿ ನಗತೊಡಗಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯೋ ನನ್ ತಾಯಿ! ಇವರ ಭಾಷೇಲಿ ಬಾಡೊ ಅಂದ್ರೆ ಇನ್ನೂ ಆಗಿಲ್ಲ, ಇನ್ನೂ ಜಾಗ ಇದೆ ಅಂತ ಕಣೇ! ನೀನು ಬೇಡೋ ಅಂತ ಕಿರುಚ್ದೆ, ಅವನು ಜಾಗ ಇದೆ ಅಂದ್ಕೊಂಡ!"

"ನಿನ್ನೆ ಘಾಟು ಬರ್ಲಿಲ್ಲ ಅಂದಾಗ್ಲೇ ಅಂದ್ಕೊಂಡೆ," ಎಂದ ಉಮಾಶಂಕರ. "ಹೋಗ್ಲಿ ಬಿಡು, ದೃಷ್ಟಿ ದೀಪದ ಮೇಲೆ ಹೋಯ್ತು."

ಹೊರಡುವುದು ನಿಂತಿತೆಂದೇ ನಿರುಪಮಾ ಬಗೆದಳು. ಆಗ ಹೂಕುಂಡದ ಪಕ್ಕದಲ್ಲಿ ಅಮೋಘ್ ತುಟಿ ಕಚ್ಚಿಕೊಂಡು ನಿಂತಿರುವುದು ಕಂಡಿತು. ಎಲ್ಲರೂ ನಗುತ್ತಿದ್ದರು, ಅವನೊಬ್ಬನು ನಗುತ್ತಿರಲಿಲ್ಲ.

"ಇಟ್ಸ್ ನಾಟ್ ಡೇವಿಡ್ಸ್ ಫಾಲ್ಟ್," ಎಂದ ಅವನು ಜಯಮಾಲಾಳಿಗೆ. "ಅಮ್ಮ ಆಲ್ವೇಸ್ ಸೇಸ್ ಬೇಡೋ."

ಅವನು ದೂರು ಹೇಳಿದ್ದಲ್ಲ. ಇವತ್ತು ಶನಿವಾರ ಎನ್ನುವ ಹಾಗೆ, ಇದ್ದದ್ದನ್ನು ಹೇಳಿದ್ದ. ಆಮೇಲೆ ಯಾರೂ ಕೇಳದೆಯೇ ತನ್ನ ಪುಟ್ಟ ಬ್ಯಾಗನ್ನು ಲ್ಯಾಂಡ್ ಕ್ರೂಸರಿನ ಸೀಟಿನಿಂದ ಇಳಿಸಿಕೊಂಡು, ಅಪ್ಪನ ಕಾರಿನ ಕಡೆ ನಡೆದ.

ವಾರವಿಡೀ ಅವಳು ಬಯಸಿದ್ದು ಇದನ್ನೇ. ಮಗ ತಾನಾಗಿಯೇ ಅವಳ ಕಡೆ ಬರುತ್ತಿದ್ದ, ಬ್ಯಾಗು ನೆಲಕ್ಕೆ ಎಳೆಯುತ್ತ, ತಲೆ ತಗ್ಗಿಸಿಕೊಂಡು. ಗೆದ್ದದ್ದು ಇಷ್ಟು ಸಪ್ಪೆಯಾಗಿರುತ್ತದೆಂದು ಯಾರು ಬಲ್ಲರು?

ಉಮಾಶಂಕರ ಮುರಿದ ದೀಪದ ವೈರುಗಳನ್ನು ಮೂಗಿನ ಹತ್ತಿರ ಹಿಡಿದು, ಬೆರಳಿನಿಂದಲೇ ನೋಡಿದವನಂತೆ ಟೇಪು ಸುತ್ತಿದ. "ಇನ್ನೊಂದು ಕಡೆಯದು ಉರಿಯುತ್ತೆ. ಇದು ಸತ್ತಿದೆ. ಬಲಕ್ಕೆ ತಿರುಗೋದು ಹಿಂದಿನವರಿಗೆ ಗೊತ್ತಾಗಲ್ಲ ಜಯಾ. ಹೋಗೋದು ಬೇಡ."

"ಯಾಕೆ ಬೇಡ?" ಜಯಮಾಲಾ ನಿರುಪಮಾಳ ಕಡೆ ತಿರುಗಿದಳು. "ಇವರ ಕಾರು ನಮ್ಮ ಬೆನ್ನಿಗೇ ಬರುತ್ತಲ್ಲ. ನಾನು ಫೋನಲ್ಲಿ ಬಲಕ್ಕೆ ಅಂದ ತಕ್ಷಣ ಇವರು ತಮ್ಮ ಬಲಗಡೆ ದೀಪ ಹಾಕ್ಲಿ. ದ್ವಾರಕಾನಾಥ್ ಓಡಿಸ್ತಾನೆ, ನೋಡ್ತಾ ಇರೋಳು ನೀನು. ದಾರಿಯುದ್ದಕ್ಕೂ ನಿನ್ನ ಕಣ್ಣು ಇದರ ಮೇಲೇ ಇರ್ಬೇಕು ಕಣೇ. ಆಗುತ್ತಾ?"

ಜಯಮಾಲಾ ಗೊತ್ತಿದ್ದು ಅಂದಳೋ ಗೊತ್ತಿಲ್ಲದೆ ಅಂದಳೋ, ನಿರುಪಮಾ ಆ ಮುಖವನ್ನು ಹುಡುಕಿದಳು. ಅಲ್ಲಿ ಗ್ರೀಸಿನ ಕಲೆಯೊಂದು ಬಿಟ್ಟರೆ ಬೇರೇನೂ ಇರಲಿಲ್ಲ.

"ಆಗುತ್ತೆ ಆಂಟಿ," ಎಂದಳು. ಆಮೇಲೆ ಮಗನ ಕೈಯಿಂದ ಬ್ಯಾಗು ತೆಗೆದುಕೊಂಡು, ಅವನನ್ನು ಎತ್ತಿ ಲ್ಯಾಂಡ್ ಕ್ರೂಸರಿನ ಹಿಂದಿನ ಸೀಟಿನಲ್ಲಿ ತಾನೇ ಕೂರಿಸಿದಳು. ಬೆಲ್ಟ್ ಹಾಕಿದಳು, ಎಳೆದು ನೋಡಿದಳು, ಮತ್ತೊಮ್ಮೆ ಎಳೆದಳು. ವಾಂತಿ ಬಂದರೆ ಕವರು, ಚಳಿಯಾದರೆ ಸ್ವೆಟರು, ಬಾಯಾರಿದರೆ ಕುದಿಸಿದ ನೀರು.

"ಅಮ್ಮಾ, ಸ್ಲೀಪಿಂಗ್ ಆಲ್ಸೋ? ಇನ್ ದ ಕ್ಯಾರವಾನ್?"

ಬಾಯಿಗೆ ಬಂದದ್ದು ಅದೇ ಹಳೆಯ ಪದ. ಅರ್ಧ ಹೊರಬಂದಿತ್ತು ಕೂಡ. "ಬೇ..." ಎಂದವಳು ತಡೆದು, "ಬಾಡೊ," ಎಂದಳು. "ಅಲ್ಲಿಗೆ ಹೋಗಿ ನೋಡೋಣ."

ಅಮೋಘ್ ಹಲ್ಲು ಕಿರಿದ. ಗೇಟಿನಲ್ಲಿ ಡೇವಿಡ್, ಈ ಸಲ ಯಾರ ಮಾತನ್ನೂ ನಂಬದೆ, ಎರಡೂ ಕಡೆ ತಾನೇ ಓಡಾಡಿ ಗಾಡಿಯನ್ನು ಹೊರಗೆ ಕಳಿಸಿದ.

ಲಿಮುರು ದಾಟಿ ರಸ್ತೆ ಇಳಿಯತೊಡಗಿತು. ಎಡಗಡೆಗೆ ಕಣಿವೆ ಬಾಯ್ತೆರೆಯಿತು. ದ್ವಾರಕಾನಾಥ್ "ನೋಡೇ, ನೋಡೇ" ಎಂದ. ನಿರುಪಮಾ ನೋಡಲಿಲ್ಲ. ಮುಂದಿನ ಬಿಳಿ ಪೆಟ್ಟಿಗೆಯ ಮೇಲಿಂದ ಅವಳ ಕಣ್ಣು ಅಲುಗಲಿಲ್ಲ. ಅದು ಬಾಲ ಅಲ್ಲಾಡಿಸಲಿಲ್ಲ. ಪಳಗಿದ ಹಸುವಿನಂತೆ ಹೋಗುತ್ತಿತ್ತು. ಫೋನಿನಲ್ಲಿ ಮಗನ ನಗು, ಜಯಮಾಲಾಳ ಯಾವುದೋ ಕಥೆ. ಯಾವ ಕಥೆ ಎಂದು ಕಿವಿಗೊಟ್ಟರೂ ತಿಳಿಯಲಿಲ್ಲ. ಅವಳು ಫೋನಿನ ಧ್ವನಿ ಹೆಚ್ಚಿಸಿದಳು.

"ನಿರುಪಮಾ, ಬಲಕ್ಕೆ!"

"ರೀ, ಬಲಕ್ಕೆ ಹಾಕಿ," ಎಂದಳು ಅವಳು ಆ ಕ್ಷಣವೇ. ಹಿಂದಿದ್ದ ಲಾರಿ ವೇಗ ತಗ್ಗಿಸಿತು. ಕ್ಯಾರವಾನ್ ತನ್ನ ಪಾಡಿಗೆ ತಾನು ತಿರುಗಿತು. ಬಿಸಿಲಿಗೆ ಹಳದಿ ಪರದೆ ಹೊಳೆಯಿತು. ನನ್ನದಾಗಿದ್ದರೆ, ಎಂದುಕೊಂಡಳು ನಿರುಪಮಾ, ನೀಲಿ ಹಾಕಿಸುತ್ತಿದ್ದೆ. ಹಾಗೆಂದುಕೊಳ್ಳುತ್ತಲೇ, ರೆಪ್ಪೆ ಮಿಟುಕಿಸದೆ, ಕಾಯುತ್ತ ಹೋದಳು.