ಒಂಬತ್ತು ದಿನ ಉಳಿದಿದ್ದ ಸೂತಕ

ಸಬೀನಾ ಹೆಹೀರ್ ಸತ್ತಾಗ ಪಾದ್ರಿಗಳು ಅವಳನ್ನು ಪತಿಭಕ್ತೆ ಎಂದು ಬಾಯ್ತುಂಬ ಹೊಗಳಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷ ಅವಳ ಪಕ್ಕದ ಮನೆಯಲ್ಲಿ ಬದುಕಿದವಳು ನಾನು, ಡೀಲಿಯಾ. ಅವಳು ಎಂಥವಳೆಂದು ನನಗೆ ಗೊತ್ತು. ಅವಳಿಗೆ ನಾನು ಏನು ಮಾಡಿದೆನೆಂಬುದೂ ನನಗೆ ಗೊತ್ತು.

ಕ್ಲೇರ್ ಸೀಮೆಯ ಈ ಕಡಲ ದಂಡೆಯಲ್ಲಿ ಕಾನ್ಸರ್ಟಿನಾ ಹೆಂಗಸರ ವಾದ್ಯ. ಆರು ಮೂಲೆಯ ಪುಟ್ಟ ಪೆಟ್ಟಿಗೆ, ನಡುವೆ ತಿದಿ, ಎರಡೂ ಬದಿಗೆ ಗುಂಡಿಗಳು. ರಾಗದ ಸ್ವರಗಳು ಎರಡೂ ಕೈಗೆ ಹಂಚಿಹೋಗಿರುತ್ತವೆ. ಸಬೀನಾ ಅದನ್ನು ಒಲೆಯ ಪಕ್ಕದ ಗೂಡಿನಲ್ಲಿ ಬೆಚ್ಚಗೆ ಇಟ್ಟಿರುತ್ತಿದ್ದಳು. ಅವಳ ತಾಯಿ ಒಂದೇ ಚಳಿಗಾಲದಲ್ಲಿ ಮೂರು ಎಳೆಮಕ್ಕಳನ್ನು ಮಣ್ಣು ಮಾಡಿ, ಆಮೇಲೆ ಒಂದು ರಾಗ ಕಟ್ಟಿದ್ದಳು. ಅದು ಮಗಳೊಬ್ಬಳಿಗೇ ಬರುತ್ತಿತ್ತು. ಸಬೀನಾಳಿಗೆ ಮಕ್ಕಳಾಗಲಿಲ್ಲ, ಕಲಿಸಲು ಯಾರೂ ಇರಲಿಲ್ಲ.

ಅವಳ ಗಂಡ ಆಸ್ಟಿನ್‌ಗೆ ಅದರ ಸದ್ದೇ ಆಗಿಬರುತ್ತಿರಲಿಲ್ಲ. "ಆ ಹೆಣದ ಹಾಡು ನನ್ನ ಮನೇಲಿ ಬೇಡ" ಎಂದು ಒಮ್ಮೆ ಪೆಟ್ಟಿಗೆಯನ್ನು ಸಗಣಿ ಗುಂಡಿಗೆ ಎಸೆದಿದ್ದ. ಅವಳ ಕೆನ್ನೆಯ ಮೇಲೂ ಆಗಾಗ ಅವನ ಕೈಗುರುತು ಕಾಣುತ್ತಿತ್ತು. ಅವನು ದನದ ಸಂತೆಗೆ ಹೋದ ದಿನ ಮಾತ್ರ ಅವಳು ನುಡಿಸುತ್ತಿದ್ದಳು. ನಾನು ಮಜ್ಜಿಗೆ ಕಡೆಯುವುದನ್ನು ಬಿಟ್ಟು ಬೇಲಿಯ ಹತ್ತಿರ ನಿಲ್ಲುತ್ತಿದ್ದೆ. ನನಗೋ ಸ್ವರಜ್ಞಾನ ಸೊನ್ನೆ. ಕೇಳಿ ಅಳಲು ಬರುತ್ತಿತ್ತು, ಗುನುಗಲು ಬರುತ್ತಿರಲಿಲ್ಲ.

ಒಂದು ಫೆಬ್ರವರಿಯಲ್ಲಿ ಆಸ್ಟಿನ್ ಕಡಲಪಾಚಿ ತುಂಬಿದ ಗಾಡಿಯಿಂದ ಬಿದ್ದು ಸತ್ತ. ಸಾವಾದ ಮನೆಯಲ್ಲಿ ಒಂದು ವರ್ಷ ವಾದ್ಯ ಮುಟ್ಟುವಂತಿಲ್ಲ. ಸಬೀನಾ ಯಾರೂ ಹೇಳುವ ಮೊದಲೇ ಪೆಟ್ಟಿಗೆಗೆ ಕಪ್ಪು ಬಟ್ಟೆ ಸುತ್ತಿ ಗಂಟು ಹಾಕಿದಳು.

ವರ್ಷ ತುಂಬಲು ಒಂಬತ್ತು ದಿನ ಇದ್ದಾಗ ಡಬ್ಲಿನ್‌ನಿಂದ ಫಿಂಟನ್ ಎಂಬ ಹುಡುಗಾಟದ ಮುಖದ ಗಂಡಸು ಬಂದ. ಊರೂರು ಸುತ್ತಿ ಹಳೆಯ ರಾಗಗಳನ್ನು ಟೇಪಿಗೆ ತುಂಬಿಕೊಳ್ಳುವುದು ಅವನ ಕೆಲಸ. ಯಂತ್ರ ಕಾರಿನಲ್ಲಿತ್ತು.

"ಒಂದೇ ಸಲ ನುಡಿಸಿ, ಅಮ್ಮಾ. ನಾಳೆ ನಾನು ಹೊರಡ್ಬೇಕು" ಎಂದ.

ಸಬೀನಾಳ ಕಣ್ಣು ಗೂಡಿನ ಕಡೆ ಹೋಯಿತು. ಅವಳು ಈ ಜನ್ಮದಲ್ಲಿ ನನ್ನನ್ನು ಏನಾದರೂ ಕೇಳಿದ್ದರೆ ಅದೊಂದೇ ಸಲ. "ಏನ್ ಮಾಡ್ಲೇ, ಡೀಲಿಯಾ? ಬಾಗಿಲು ಹಾಕ್ಕೊಂಡು ಮೆತ್ತಗೆ ನುಡಿಸಿದ್ರೆ?"

"ತಲೆ ಕೆಟ್ಟಿದ್ಯೇನೇ ನಿಂಗೆ? ವರ್ಷ ತಡೆದವಳು ಒಂಬತ್ತು ದಿನಕ್ಕೆ ಮಾನ ಕಳ್ಕೋತೀಯಾ? ಗಂಡ ಸತ್ತಿದ್ದಕ್ಕೆ ಹಬ್ಬ ಮಾಡ್ತಾಳೆ ಅಂತಾರೆ ಜನ."

"ಮಾಡ್ಬೇಕು ಅನ್ಸಿದ್ದು ಸುಳ್ಳಲ್ಲ ಬಿಡು" ಎಂದು ನಕ್ಕಳು. ನಾನು ಗಾಬರಿಯಾಗಿ ಶಿಲುಬೆ ಗುರುತು ಹಾಕಿಕೊಂಡೆ. ಅವಳ ನಗು ನಿಂತಿತು.

"ಏಪ್ರಿಲ್‌ನಲ್ಲಿ ಬರ್ತೀನಿ" ಎಂದ ಫಿಂಟನ್.

"ಬಾಪ್ಪ. ನಾನೆಲ್ಲಿಗೆ ಹೋಗ್ತೀನಿ?"

ಅದಾಗಿ ಆರನೆಯ ದಿನ ಸಬೀನಾ ಕೋಳಿಗೆ ಕಾಳು ಹಾಕಲು ಹೋದವಳು ಅಂಗಳದಲ್ಲೇ ಬಿದ್ದಳು. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಸೂತಕ ಕಳೆದ ಬೆಳಿಗ್ಗೆ ನಾನೇ ಕಪ್ಪು ಬಟ್ಟೆ ಬಿಚ್ಚಿ ಪೆಟ್ಟಿಗೆಯನ್ನು ಅವಳ ಮಡಿಲಲ್ಲಿಟ್ಟೆ. ಬಲಗೈ ಒದ್ದೆ ಬಟ್ಟೆಯಂತೆ ಜಾರಿಬಿತ್ತು. ಅವಳು ನನ್ನನ್ನು ನೋಡಿದಳು, ಬೈಯಲಿಲ್ಲ. ಮುಖಕ್ಕೆ ಉಗಿದಿದ್ದರೂ ಚೆನ್ನಾಗಿತ್ತು.

ಏಪ್ರಿಲ್‌ನಲ್ಲಿ ಫಿಂಟನ್ ಬಂದ. ಗುನುಗಲು ಹೋದರೆ ಅವಳ ಓರೆಯಾದ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನನ್ನ ಬೆರಳಿಗೆ ಕಲಿಸಲು ನೋಡಿದಳು, ಆಗಲಿಲ್ಲ. ಯಾವ ಗುಂಡಿ ಎಂಬುದು ಅವಳ ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕೊನೆಗೆ ಎಡಗೈಯ ಸ್ವರಗಳನ್ನು ಅವಳು ನುಡಿಸಿದಳು. ಬಲತುದಿಯನ್ನು ನಾನು ಹಿಡಿದು, ಬಲಗೈಯ ಸ್ವರ ಬರಬೇಕಾದ ಕಡೆ ಬರೀ ಗಾಳಿ ಬಿಡುವ ಗುಂಡಿ ಒತ್ತಿ ತಿದಿ ನಡೆಸಿದೆ.

"ಎಳಿ... ತಳ್ಳು... ತಳ್ಳೇ, ಕತ್ತೆ!" ಎಂದು ತೊದಲಿದಳು. ಫಿಂಟನ್ ಯಂತ್ರ ನಿಲ್ಲಿಸದೆ ತಲೆ ತಗ್ಗಿಸಿದ.

ನವೆಂಬರ್‌ನಲ್ಲಿ ಅವಳು ಹೋದಳು.

ಮರುವರ್ಷ ಬಸ್ಸು, ರೈಲು ಹಿಡಿದು ನಾನು ಡಬ್ಲಿನ್‌ಗೆ ಹೋದೆ. ಅಷ್ಟು ದೂರ ಹೋದದ್ದು ಅದೇ ಮೊದಲು. ಫಿಂಟನ್‌ನ ಟೇಪುಗಳಿದ್ದ ಕಚೇರಿಯಲ್ಲಿ ಅವನ್ನು ಕಾಯುವ ಹುಡುಗಿ ನನ್ನ ಕಿವಿಗೆ ಯಂತ್ರ ಕಟ್ಟಿದಳು. ನಾಲ್ಕು ಸ್ವರ, ಆಮೇಲೆ ಬರೀ ಉಸಿರು. ಮತ್ತೆ ಮೂರು ಸ್ವರ, ಮತ್ತೆ ಉಸಿರು. ಬೇಲಿಯ ಹತ್ತಿರ ನಿಂತು ಕೇಳಿದ್ದು ಇದಲ್ಲ ಎನ್ನುವಷ್ಟು ನನಗೂ ತಿಳಿಯಿತು. ನಾನು ಅತ್ತೆ.

"ಮಧ್ಯೆ ಮಧ್ಯೆ ಬುಸ್ ಅಂತ ಕೇಳುತ್ತಲ್ಲ, ಅಜ್ಜಿ, ಅದೇನು? ಟೇಪು ಹಾಳಾಗಿದೆಯಾ?" ಎಂದು ಹುಡುಗಿ ಕೇಳಿದಳು.

"ಇಲ್ಲಮ್ಮ, ಟೇಪು ಚೆನ್ನಾಗೇ ಇದೆ. ಅದು ನಾನು" ಎಂದೆ.