ಕೆಪಾಸಿಟರ್ ಶೆಟ್ರು

ವಿದ್ಯುತ್ ಸಬ್‌ಸ್ಟೇಷನ್ನಿನಿಂದ ನಿವೃತ್ತರಾದ ಕರುಣಾಕರ ಶೆಟ್ಟರಿಗೆ ಅಮಾಸೆಬೈಲಿನಲ್ಲಿ ಕೆಪಾಸಿಟರ್ ಶೆಟ್ರು ಎಂದೇ ಹೆಸರು. ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಗುಂಯ್‌ಗುಡುವ ಸಂಜೆ, ಊರಿಗೇ ತೂಕಡಿಕೆ ಬಂದಂತೆ ಲೈನಿನ ತುದಿಯ ಮನೆಗಳಲ್ಲಿ ಫ್ಯಾನು ನಿದ್ದೆಗಣ್ಣಿನಲ್ಲಿ ತಿರುಗತೊಡಗಿದರೆ ಸಾಕು, ಇವರು ಇಸ್ತ್ರಿಯ ಅಂಗಿ ತೊಟ್ಟು, ವೋಲ್ಟೇಜ್ ಅಳೆಯುವ ಮೀಟರನ್ನು ಕೊರಳಿಗೆ ನೇತುಹಾಕಿಕೊಂಡು, ತಪಾಸಣೆಗೆ ಬಂದ ಮಂತ್ರಿಯಂತೆ ಹೊರಡುತ್ತಾರೆ. ಉಪನ್ಯಾಸ ಯಾವಾಗಲೂ ಒಂದೇ: “ರಿಯಾಕ್ಟಿವ್ ಪವರ್ ಅಂದ್ರೆ ಎಂತ ಗೊತ್ತಿತ್ತಾ? ಲೈನಲ್ಲಿ ಸುಮ್ನೆ ಹೋತ್ತ್, ಬತ್ತ್, ನೀರ್ ಎತ್ತುದಿಲ್ಲೆ. ಆರೆ ಅದಿಲ್ದಿರೆ ಮೋಟ್ರೇ ತಿರ್ಗುದಿಲ್ಲೆ.” “ಹಂಗಾರೆ ಪೆನ್ಶನ್ ಆದ್ಮೇಲೆ ನಿಮ್ಮಾಂಗೆ ಅಲ್ದಾ ಶೆಟ್ರೆ?” ಎಂದು ಪಕ್ಕದ ತೋಟದ ಕಿಟ್ಟ ಕೇಳಿದರೆ ಅದು ಅವರ ಕಿವಿಗೆ ಬೀಳುವುದಿಲ್ಲ. “ಪಂಪಿನ ಬುಡದಲ್ಲೇ ಕೆಪಾಸಿಟರ್ ಡಬ್ಬಿ ಇಟ್ರೆ ಆ ಪವರ್ ದೂರದಿಂದ ಬಪ್ಪುದೇ ಬ್ಯಾಡ, ವೋಲ್ಟೇಜ್ ಬೀಳುದಿಲ್ಲೆ” ಎನ್ನುತ್ತ ತಾವೇ ಕುಕ್ಕರಗಾಲಲ್ಲಿ ಕೂತು ಜೋಡಿಸಿಕೊಡುತ್ತಾರೆ; ಚಹಾ ಕೊಟ್ಟರೆ ನಿಂತೇ ಕುಡಿಯುತ್ತಾರೆ. ಆ ಅವಸರ ಯಾಕೆಂದು ನನಗೆ ತಿಳಿದದ್ದು ಒಂದು ಸಂಜೆ ಅವರ ಮನೆಗೆ ಹೋದಾಗ. ಲೈನಿನ ಕಟ್ಟಕಡೆಯ ಮನೆ ಅವರದು. ಒಳಕೋಣೆಯಲ್ಲಿ ಅವರ ಹೆಂಡತಿ ಗುಲಾಬಕ್ಕ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದರು. ವೋಲ್ಟೇಜ್ ಇಳಿದರೆ ನಿಂತುಬಿಡುವ ಆಮ್ಲಜನಕದ ಯಂತ್ರ ಪಕ್ಕದಲ್ಲಿ ಮೆಲ್ಲಗೆ ಉಸಿರಾಡುತ್ತಿತ್ತು. ಶೆಟ್ಟರು ಅದಕ್ಕೆ ಕಿವಿಗೊಟ್ಟು ಕೂತಿದ್ದರು.