ಹಳದಿ ಚಡ್ಡಿಯವನ ಪರ ನಮ್ಮಪ್ಪ

ಶಿರಾದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಪ್ರಭುದೇವ್ ಕಳೆದ ತಿಂಗಳು ನನ್ನ ಫೋನಿಗೆ ಒಂದು ವಿಡಿಯೋ ಕಳಿಸಿದ. ಜೊತೆಗೆ ಒಂದು ಸಾಲು ಬರೆದಿದ್ದ: 'ನನ್ನ ಭುಜದ ಮೂಳೆ ಮುರಿದ ಯಶೋದ ಮೇಡಂ ಅವರಿಗೆ, ಗೌರವಪೂರ್ವಕವಾಗಿ.' ತೆರೆದು ನೋಡಿದರೆ ನಾವು ಚಿಕ್ಕವರಿದ್ದಾಗ ಟಿವಿಯಲ್ಲಿ ಬರುತ್ತಿದ್ದ ಅಮೆರಿಕದ ಕುಸ್ತಿ. ಅದೇ ಹಗ್ಗದ ಅಂಕಣ, ಅದೇ ಕಿರುಚಾಟ, ಚರ್ಮದ ಜಾಕೀಟು ತೊಟ್ಟು ಬರುವ ಅದೇ ದೈತ್ಯ, ಹಳದಿ ಚಡ್ಡಿಯ ಅದೇ ಸಣಕಲ. ನಾನು ಹೊಳವನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ, ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು ಪೂರ್ತಿ ನೋಡಿದೆ. ತಪ್ಪು ಅಂತ ಗೊತ್ತು, ಆದರೂ ನೋಡಿದೆ.

ನೋಡನೋಡುತ್ತಾ ನನ್ನ ಹಳೇ ಸಿಟ್ಟು ಎದ್ದು ಕೂತಿತು. ನನಗೆ ಹನ್ನೊಂದನೇ ವಯಸ್ಸಿನಿಂದ ಒಂದೇ ಹಟ. ನಮ್ಮಪ್ಪ ಅಂಜಿನಮೂರ್ತಿ ಸೋತ ಮನುಷ್ಯ ಅಲ್ಲ ಅನ್ನುವ ಮಾತನ್ನು ಗೌಡಗೆರೆಯ ಶಂಕರಲಿಂಗಪ್ಪನವರ ಬಾಯಿಂದ ಒಂದೇ ಒಂದು ಸಲ ಕೇಳಬೇಕು. ಶಂಕರಲಿಂಗಪ್ಪನವರು ಈ ಪ್ರಭುದೇವನ ತಂದೆ. ಅವರಿಗೆ ಎಪ್ಪತ್ತೇಳು ದಾಟಿದೆ, ಹಾಸಿಗೆ ಹಿಡಿದಿದ್ದಾರೆ. ಇನ್ನು ಯಾವಾಗ ಕೇಳುವುದು?

ನಮ್ಮದು ಗೌಡಗೆರೆ ಪಕ್ಕದ ಹಟ್ಟಿ. ಅಪ್ಪ ಕುರಿ ಕಾಯುವವರು. ಬೆಳಿಗ್ಗೆ ಹೆಗಲಿಗೆ ಕಂಬಳಿ, ಕೈಗೆ ದೊಣ್ಣೆ, ಸೊಂಟಕ್ಕೆ ಬುತ್ತಿ ಕಟ್ಟಿಕೊಂಡು ಹೊರಟರೆ ಬರುವುದು ಸಂಜೆಗೆ. ವರ್ಷಕ್ಕೊಂದು ಸಲ ಮಾತ್ರ ಅವರು ರಾಕ್ಷಸರಾಗುತ್ತಿದ್ದರು. ಗೌಡಗೆರೆಯವರು ಆಡುವ ಪೌರಾಣಿಕ ನಾಟಕದಲ್ಲಿ ರಾಕ್ಷಸನ ಪಾರ್ಟು ನಮ್ಮಪ್ಪನದೇ. ರಾಜನ ಪಾರ್ಟು ಎಣ್ಣೆಗಾಣದ ಯಜಮಾನರಾದ ಶಂಕರಲಿಂಗಪ್ಪನವರದು. ನಮ್ಮ ಕಡೆ ಪಾರ್ಟನ್ನು ದುಡ್ಡು ಕೊಟ್ಟು ತಗೊಳ್ಳಬೇಕು. ರಾಜನಿಗೆ ಬೆಲೆ ಜಾಸ್ತಿ, ರಾಕ್ಷಸನನ್ನು ಕೇಳುವವರೇ ಇಲ್ಲ. ಕೊನೆಯ ಸೀನಿನಲ್ಲಿ ರಾಜ ರಾಕ್ಷಸನನ್ನು ಸೊಂಟ ಹಿಡಿದು ಎತ್ತಿ ತಲೆ ಮೇಲಿಂದ ಒಗೆಯುತ್ತಾನೆ. ಧಡಾರ್ ಎಂದು ಹಲಗೆ ಅದುರುತ್ತದೆ. ಶಿಳ್ಳೆಯೋ ಶಿಳ್ಳೆ. ಆಮೇಲೆ ಅಭಿಮಾನಿಗಳು ಒಬ್ಬೊಬ್ಬರೇ ಸ್ಟೇಜು ಹತ್ತಿ ರಾಜನಿಗೆ ಹಾರ ಹಾಕುವುದು, ಮೈಕಿನಲ್ಲಿ ಹೆಸರು ಹೇಳಿಸಿಕೊಳ್ಳುವುದು. ಅಷ್ಟು ಹೊತ್ತೂ ನಮ್ಮಪ್ಪ ಅಲ್ಲೇ ಹೆಣವಾಗಿ ಬಿದ್ದಿರಬೇಕು. ಸತ್ತವನಿಗೆ ಯಾರು ಹಾರ ಹಾಕುತ್ತಾರೆ? ಒಂದು ವರ್ಷ ಕಟ್ಟಿರುವೆ ಮೂಗಿನ ಹತ್ತಿರ ಓಡಾಡಿದರೂ ಅಪ್ಪ ಕಣ್ಣು ಮಿಟುಕಿಸಲಿಲ್ಲ. ಮಾರನೇ ದಿನ ಶಾಲೆಯಲ್ಲಿ ನನ್ನನ್ನು 'ಬಿದ್ದೋನ ಮಗಳು' ಎಂದು ರೇಗಿಸಿದರು. ಹಾಗೆ ಅಂದ ಇಬ್ಬರಿಗೆ ಸ್ಲೇಟಿನಲ್ಲಿ ಕೊಟ್ಟೆ.

ತೊಂಬತ್ತೇಳನೇ ಇಸವಿ ಇರಬೇಕು, ಶಂಕರಲಿಂಗಪ್ಪನವರ ಮನೆಗೆ ಕಲರ್ ಟಿವಿ ಬಂತು. ತಾರಸಿ ಮೇಲೆ ರಾಗಿ ಕೇರಲು ಬರುವಷ್ಟು ದೊಡ್ಡ ತಟ್ಟೆ ಆಂಟೆನಾ ಕೂಡ ಬಂತು. ಭಾನುವಾರ ಮಧ್ಯಾಹ್ನ ಕುಸ್ತಿ. ಮನೆಯವರು ಪಡಸಾಲೆಯಲ್ಲಿ, ಹಟ್ಟಿಯ ನಾವೆಲ್ಲ ಜಗಲಿಯಲ್ಲಿ. ಬಾಗಿಲ ಸಂದಿಯಲ್ಲಿ ಕಂಡಷ್ಟು ನಮ್ಮ ಪಾಲು. ಇಂಗ್ಲಿಷ್ ಯಾರಿಗೂ ಬಾರದು, ಹಾಗಾಗಿ ಪೈಲ್ವಾನರಿಗೆಲ್ಲ ನಾವೇ ಹೆಸರಿಟ್ಟಿದ್ದೆವು. ಜಾಕೀಟಿನ ದೈತ್ಯ 'ಬೆಟ್ಟಪ್ಪ'. ವಾರವಾರವೂ ಯಾರಾದರೊಬ್ಬರ ಕೈಲಿ ಒದೆ ತಿಂದು ಹೋಗುವ ಒಬ್ಬ ಸಣಕಲ ಇದ್ದ, ಅವನು 'ಹಳದಿ ಚಡ್ಡಿ'. ಎಲ್ಲರೂ ಬೆಟ್ಟಪ್ಪನ ಪರ. ಹಳದಿ ಚಡ್ಡಿಯವನ ಪರ ಇದ್ದದ್ದು ಒಬ್ಬರೇ, ನಮ್ಮಪ್ಪ. ಬೆಟ್ಟಪ್ಪ ಅವನನ್ನು ಎತ್ತಿ ಅಪ್ಪಳಿಸಿದಾಗ ಊರೆಲ್ಲ ಹೋ ಎನ್ನುತ್ತಿದ್ದರೆ, ಅಪ್ಪ ಜಗಲಿಯ ತುದಿಯಲ್ಲಿ ಕೂತು ತೊಡೆ ತಟ್ಟಿ, "ಭೇಷ್! ಏನ್ ಬಿದ್ದ ನೋಡ್ರಪ್ಪಾ!" ಎನ್ನುತ್ತಿದ್ದರು.

ನಾಚಿಕೆಯಿಂದ ನನಗೆ ನೆಲ ಕೆರೆಯುವಂತಾಗುತ್ತಿತ್ತು.

ಒಂದು ಭಾನುವಾರ ಶಂಕರಲಿಂಗಪ್ಪನವರಿಗೆ ರೇಗಿತು. "ಲೇ ಅಂಜಿನಿ, ಗೆದ್ದೋನ್ನ ಬುಟ್ಟು ಬಿದ್ದೋನಿಗೆ ಭೇಷ್ ಅಂತೀಯಲ್ಲ, ನಿಂಗೇನ್ ತಲೆ ನೆಟ್ಟಗೈತಾ?"

"ಅದು ನಾಟ್ಕ ಕಣ್ ಯಜಮಾನ್ರೆ," ಎಂದರು ಅಪ್ಪ. "ನಮ್ಮಂಗೇ ಅವ್ರೂ ಪಾರ್ಟ್ ಮಾಡ್ತಾವ್ರೆ. ಇಬ್ರೂ ಮಾತಾಡ್ಕೊಂಡೇ ಬಂದಿರ್ತಾರೆ."

ಜಗಲಿಯೆಲ್ಲ ಗೊಳ್ ಎಂದಿತು. ಟಿವಿಯವರು ನಾಟಕ ಆಡುತ್ತಾರಾ, ಅದೂ ಅಮೆರಿಕದವರು! ನಾನು ಮಾತ್ರ ನಗಲಿಲ್ಲ. ಅಪ್ಪನ ಮಾತನ್ನು ನಂಬಿದೆ, ಅದೂ ತಪ್ಪಾಗಿ ನಂಬಿದೆ. ನಾಟಕ ಅಂದಮೇಲೆ ಯಾರಿಗೂ ಪೆಟ್ಟಾಗುವುದಿಲ್ಲ ಅಂದುಕೊಂಡೆ. ಮರುದಿನ ಕಣದಲ್ಲಿ ಆಡುವಾಗ ಪ್ರಭುದೇವ್ ಮತ್ತೆ ಬಿದ್ದೋನ ಮಗಳು ಅಂದ. ಕುರಿಮರಿ ಎತ್ತಿ ಪಳಗಿದ ಕೈ ನನ್ನದು. ಅವನನ್ನು ಸೊಂಟ ಹಿಡಿದು ಎತ್ತಿ, ಥೇಟ್ ಬೆಟ್ಟಪ್ಪನಂತೆ ಒಗೆದೆ. ಅವನು ಹಳದಿ ಚಡ್ಡಿಯವನಂತೆ ಎದ್ದು ಓಡಲಿಲ್ಲ. ಭುಜ ಹಿಡಿದುಕೊಂಡು ಅಲ್ಲೇ ಅರಚತೊಡಗಿದ.

ಶಿರಾದ ಆಸ್ಪತ್ರೆಯಲ್ಲಿ ಮಗನಿಗೆ ಕಟ್ಟು ಹಾಕಿಸಿಕೊಂಡು ಬಂದ ಸಂಜೆಯೇ ಶಂಕರಲಿಂಗಪ್ಪನವರು ಹಟ್ಟಿಗೆ ಬಂದರು. ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ನಿಂತು ಶುರು ಮಾಡಿದರು.

"ನಾಟ್ಕ ನಾಟ್ಕ ಅಂತ ಹೇಳಿ ಮಕ್ಳ ತಲೆ ಕೆಡ್ಸಿದೋನು ನೀನು. ಇನ್ನ್ ಮ್ಯಾಕೆ ಅಪ್ಪ ಮಗಳು ನನ್ನ ಜಗಲಿ ಹತ್ಬ್ಯಾಡ್ರಿ. ಈ ವರ್ಸ ನಿನ್ನ ಪಾರ್ಟೂ ಬ್ಯಾರೆಯೋರಿಗೆ!"

ಅಪ್ಪನ ಮುಖ ಆಗ ಇಳಿದದ್ದನ್ನು ನಾನು ಕಂಡೆ. ಜಗಲಿ ಹೋದರೆ ಹೋಗಲಿ, ಆದರೆ ಆ ಪಾರ್ಟು? ವರ್ಷವಿಡೀ ಕುರಿಯ ಹಿಂದೆ ತಿರುಗುವ ಮನುಷ್ಯನನ್ನು ಊರು ತಲೆಯೆತ್ತಿ ನೋಡುತ್ತಿದ್ದದ್ದು ಅದೊಂದು ದಿನ. ಆ ದಿನಕ್ಕಾಗಿ ಅವರು ಹಳ್ಳದ ಮರಳಿನಲ್ಲಿ ತಿಂಗಳುಗಟ್ಟಲೆ ಒಬ್ಬರೇ ಬಿದ್ದು ಬಿದ್ದು ಏಳುತ್ತಿದ್ದರು. ನನ್ನ ಕೈಯಾರೆ ಅದನ್ನು ಕಳೆದಿದ್ದೆ.

"ತಪ್ಪು ನಂದೇ ಯಜಮಾನ್ರೆ," ಎಂದರು ಅಪ್ಪ. "ನಾಟ್ಕ ಅಂದೆ, ಬೀಳಾದು ಹೆಂಗೆ ಅಂತ ಹೇಳ್ಕೊಡ್ನಿಲ್ಲ. ಭಾನುವಾರ ಮಕ್ಳನ್ನೆಲ್ಲ ಕಣಕ್ಕೆ ಕಳ್ಸಿ. ನೀವೂ ಬನ್ನಿ. ನಮ್ಮಿಬ್ರ ಆಟ ಒಂದ್ಸಲ ತೋರ್ಸಾಣ. ಆಮೇಲೂ ಬ್ಯಾಡ ಅನ್ಸಿದ್ರೆ ಪಾರ್ಟು ಕಿತ್ಕಳಿ."

ಭಾನುವಾರ ಕಣದಲ್ಲಿ ಮೂವತ್ತು ಮಕ್ಕಳು ಸೇರಿದರು, ಅವರ ಹಿಂದೆ ಊರು ಸೇರಿತು. ಭುಜಕ್ಕೆ ಕಟ್ಟು ಕಟ್ಟಿಸಿಕೊಂಡ ಪ್ರಭುದೇವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಅಪ್ಪ ಮೊದಲು ನಮ್ಮನ್ನು ಕಡಲೆಕಾಯಿ ಹೊಟ್ಟಿನ ಮೇಲೆ ಬೀಳಿಸಿದರು, ಆಮೇಲೆ ಬರಿ ನೆಲದ ಮೇಲೆ. "ಗದ್ದ ಎದೆಗೆ ಒತ್ಕಳಿ. ಉಸ್ರು ಆಚಿಕ್ ಬುಡಿ. ಬೀಳಾ ಹೊತ್ಗೆ ಎಲ್ಡೂ ಅಂಗೈ ನೆಲಕ್ಕೆ ಬಡೀರಿ, ಸದ್ದು ಜೋರಾಗ್ ಬರ್ಬೇಕು. ಸದ್ದು ಎಷ್ಟು ಜೋರೋ ಪೆಟ್ಟು ಅಷ್ಟು ಕಮ್ಮಿ." ಆಮೇಲೆ ನನ್ನನ್ನು ಕರೆದು ಎಲ್ಲರೆದುರಿಗೆ ಕೇಳಿದರು, "ಪ್ರಭುದೇವನ್ನ ಎತ್ತಿದಾಗ ನಿನ್ನ ಎಡಗೈ ಎಲ್ಲಿತ್ತು?" ನನಗೆ ನೆನಪಿರಲಿಲ್ಲ. "ಅದು ಅವನ ತಲೆ ಅಡೀಲಿರ್ಬೇಕಿತ್ತು ಕಣಮ್ಮ. ಟಿವೀಲಿ ಬೆಟ್ಟಪ್ಪನ ಕೈ ನೋಡು, ಬುಡೋ ತಂಕ ಅವ್ನ ಕತ್ತು ಹಿಡ್ಕೊಂಡೇ ಇರ್ತಾನೆ." ವಾರವಾರ ನೋಡಿದ್ದೆ, ಆ ಕೈಯನ್ನು ಒಂದು ದಿನವೂ ಕಂಡಿರಲಿಲ್ಲ.

ಕೊನೆಗೆ ಶಂಕರಲಿಂಗಪ್ಪನವರ ಸರದಿ ಬಂತು. ಅವರು ಪಂಚೆ ಎತ್ತಿ ಕಟ್ಟಿ, ರಾಜನ ಠೀವಿಯಲ್ಲೇ ಬಂದು ಅಪ್ಪನ ಸೊಂಟ ತಬ್ಬಿದರು. ನಾನು ಎರಡು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಹೂಂ ಎಂದು ಎತ್ತಿದರು. ಅಪ್ಪ ಅಲುಗಲಿಲ್ಲ. ಇನ್ನೊಂದು ಸಲ ಹೂಂ ಎಂದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಅಪ್ಪನ ಹಿಮ್ಮಡಿ ನೆಲ ಬಿಟ್ಟು ಮೇಲೆ ಬರಲೇ ಇಲ್ಲ. ಜನಕ್ಕೆ ಅದು ಆಟದ ಬಿಗಿ ಅನ್ನಿಸಿರಬೇಕು, ಶಿಳ್ಳೆ ಹಾಕಿದರು. ಆಗ ಅಪ್ಪನ ತುಟಿ ಶಂಕರಲಿಂಗಪ್ಪನವರ ಕಿವಿಯ ಹತ್ತಿರ ಹೋಯಿತು. "ಈಗ ಯಜಮಾನ್ರೆ," ಎಂದದ್ದು ನನಗೆ ಕೇಳಿಸಿತು. ಅಪ್ಪನ ಮೊಣಕಾಲು ಒಂದಿಷ್ಟು ಬಾಗಿ ಚಿಮ್ಮಿತು. ಅಷ್ಟು ದೊಡ್ಡ ದೇಹ ಯಜಮಾನರ ತಲೆ ಮೇಲಿಂದ ಹಾರಿ, ಕಣದ ಗಟ್ಟಿ ನೆಲಕ್ಕೆ ಧಡಾರ್ ಎಂದು ಬಿತ್ತು.

ಊರೆಲ್ಲ ಚಪ್ಪಾಳೆ. ಯಾರೋ ಓಡಿಬಂದು ಶಂಕರಲಿಂಗಪ್ಪನವರ ಕೊರಳಿಗೆ ಟವಲ್ಲನ್ನೇ ಹಾರ ಮಾಡಿ ಹಾಕಿದರು. ಆದರೆ ಅವರ ಮುಖ ಗೆದ್ದವರ ಮುಖ ಆಗಿರಲಿಲ್ಲ. ಅಷ್ಟು ವರ್ಷ ತಾನೇ ಎತ್ತುತ್ತಿದ್ದೇನೆ ಎಂದು ಆ ಪುಣ್ಯಾತ್ಮ ನಿಜವಾಗಿ ನಂಬಿಕೊಂಡಿದ್ದರು!

ನಾನು ಎದ್ದು ಕೂಗಿಬಿಡುತ್ತಿದ್ದೆ. ನೆಲದಲ್ಲಿ ಬಿದ್ದಿದ್ದ ಅಪ್ಪ, ಸತ್ತ ರಾಕ್ಷಸ, ಒಂದೇ ಕಣ್ಣು ತೆರೆದು ನನ್ನ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡೆ. ಹಟ್ಟಿಯ ದಾರಿಯಲ್ಲಿ ಮಾತ್ರ ಸುಮ್ಮನಿರಲಾಗಲಿಲ್ಲ.

"ನೀನೇ ಹಾರ್ದೆ! ಅವ್ರಿಗೆ ಎತ್ತಕ್ಕೇ ಆಗ್ನಿಲ್ಲ. ಯಾಕ್ ಹೇಳ್ನಿಲ್ಲ ಎಲ್ರಿಗೂ?"

"ಅವ್ರು ಎತ್ತಿದ್ರು ಅಂತ ಜನ ನಂಬಿದ್ರಾ?"

"ನಂಬಿದ್ರು."

"ಅಂಗಾರೆ ನನ್ನ ಕೆಲ್ಸ ನೆಟ್ಟಗಾತು. ನಂಬ್ದೆ ಹೋಗಿದ್ರೆ ನಾನು ಸೋತಂಗೆ."

"ಮತ್ತೆ ಮೊದಲ್ನೇ ಸಲ ಯಾಕ್ ಹಾರ್ನಿಲ್ಲ?"

ಅಪ್ಪ ಕಂಬಳಿ ಸರಿಮಾಡಿಕೊಂಡು ನಕ್ಕರು. "ಪಾರ್ಟು ಬೇಕಿತ್ತಲ್ಲಮ್ಮ."

ಪಾರ್ಟು ಉಳಿಯಿತು. ಇನ್ನೂ ಹದಿನೆಂಟು ವರ್ಷ ಅಪ್ಪ ಅದೇ ಹಲಗೆಯ ಮೇಲೆ ಸತ್ತರು. ಮುಂದಿನ ಭಾನುವಾರ ನಾವು ಅಳುಕುತ್ತಲೇ ಗೌಡಗೆರೆಗೆ ಹೋದಾಗ ಶಂಕರಲಿಂಗಪ್ಪನವರು ಟಿವಿಯನ್ನು ಜಗಲಿಯ ಕಡೆ ಮುಖ ಮಾಡಿ ಇಡಿಸಿದ್ದರು. ಆದರೆ ಆ ದಿನದ ಬಗ್ಗೆ ಒಂದು ಮಾತಿಲ್ಲ. ಹಾರ ಎಂದಿನಂತೆ ರಾಜನಿಗೇ. ಅಪ್ಪನಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ, ನನಗೆ ಅನ್ನಿಸುತ್ತಿತ್ತು. ಒಂದು ಮಾತು ಒಪ್ಪಿಕೊಂಡರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ನಮ್ಮ ಊರಿನ ಮಕ್ಕಳಿಗೆ ಆಮೇಲೆ ಕುಸ್ತಿಯಾಟದಲ್ಲಿ ಕೈಕಾಲು ಮುರಿಯಲಿಲ್ಲ ಎನ್ನುವುದನ್ನಾದರೂ ನಾನು ಹೇಳಲೇಬೇಕು. ಈಗ ನನ್ನ ಶಾಲೆಯಲ್ಲೂ ಪಿ.ಟಿ. ಪೀರಿಯಡ್ಡಿನಲ್ಲಿ ಮೊದಲ ಪಾಠ ಅದೇ: ಗದ್ದ ಎದೆಗೆ, ಉಸಿರು ಆಚೆಗೆ.

ವಿಡಿಯೋ ಬಂದ ವಾರವೇ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅಪ್ಪನಿಗೀಗ ಎಪ್ಪತ್ತು. ಕುರಿಯನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ, ಅಪ್ಪ ಅವನಿಗೆ ತಪ್ಪು ಹೇಳುತ್ತಾ ಹಿಂದೆ ಹೋಗುತ್ತಾರೆ. ಫೋನು ತೋರಿಸಿದ ಕೂಡಲೇ, "ಯಜಮಾನ್ರಿಗೂ ತೋರ್ಸಾಣ ನಡಿ," ಎಂದು ಚಪ್ಪಲಿ ಮೆಟ್ಟಿದರು.

ಶಂಕರಲಿಂಗಪ್ಪನವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸ್ವಾಧೀನದಲ್ಲಿಲ್ಲ. ಒಳಕೋಣೆಯ ಮಂಚದ ಮೇಲೆ ಕೂತಿದ್ದರು. ಭಾನುವಾರವಾದ್ದರಿಂದ ಪ್ರಭುದೇವನೂ ಬಂದಿದ್ದ. ಫೋನು ನೋಡಿ ಮುದುಕರ ಕಣ್ಣು ಅರಳಿತು. "ಇಲ್ಲ್ ಬ್ಯಾಡ. ಜಗಲೀಲಿ ಕುಂತ್ ನೋಡಾಣ. ಅಲ್ಲೇ ಅಲ್ವಾ ನೋಡ್ತಿದ್ದಿದ್ದು?" ಎಂದರು. ಪ್ರಭುದೇವ್ ಎತ್ತಲು ಹೋದ. "ಮುಟ್ಬ್ಯಾಡ! ನಾನೇನ್ ಮೂಟೇನಾ? ನಾನೇ ಎದ್ದೇಳ್ತೀನಿ," ಎಂದು ಗದರಿದರು. ಏಳಲು ಹೋಗಿ ಕುಸಿದು ಕೂತರು. ಮತ್ತೊಮ್ಮೆ ಏಳಲು ಹೋದರು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ನಾನು ಗೋಡೆ ಕಡೆ ತಿರುಗಿದೆ.

ಅಪ್ಪ ಏನೋ ಹಳೇ ಮಾತು ಆಡುವವರಂತೆ ಪಕ್ಕಕ್ಕೆ ಹೋಗಿ ಕೂತರು, ಸೊಂಟದ ಹಿಂದೆ ಕೈ ಹಾಕಿದರು. ಕಿವಿಯ ಹತ್ತಿರ ಬಗ್ಗಿ, "ಈಗ ಯಜಮಾನ್ರೆ," ಎಂದರು.

ಶಂಕರಲಿಂಗಪ್ಪನವರು ಎದ್ದುಬಿಟ್ಟರು. ಇಬ್ಬರೂ ಹಳೇ ಸ್ನೇಹಿತರು ಹೆಗಲ ಮೇಲೆ ಕೈ ಹಾಕಿಕೊಂಡು ನಡೆದಂತೆ ಪಡಸಾಲೆ ದಾಟಿ ಜಗಲಿಗೆ ಬಂದರು. ಅಪ್ಪನ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡದ್ದು ಹಿಂದೆ ಬರುತ್ತಿದ್ದ ನನಗೆ ಮಾತ್ರ ಕಂಡಿತು. ಬೀದಿಯಲ್ಲಿ ಹೋಗುತ್ತಿದ್ದವರು ನಾಲ್ಕೈದು ಜನ ನಿಂತೇಬಿಟ್ಟರು. "ಓಹೋ, ಯಜಮಾನ್ರು ಎದ್ದು ಓಡಾಡ್ತಾವ್ರೆ! ವಾಸಿ ಆಯ್ತಾ?" ಎಂದು ಒಬ್ಬ ಕೂಗಿದ.

ಜಗಲಿ ಮೇಲೆ ಕೂತು ಸುಧಾರಿಸಿಕೊಂಡ ಶಂಕರಲಿಂಗಪ್ಪನವರು ಕೂಗಿದವನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು. ಮಾತು ಸ್ವಲ್ಪ ತೊದಲುತ್ತಿತ್ತು, ದನಿ ಮಾತ್ರ ಸ್ಟೇಜಿನದೇ, ಬೀದಿಗೆಲ್ಲ ಕೇಳುವಂಥದು.

"ಯಶೋದಾ, ಅವತ್ತು ಕಣದಾಗೆ ನೀನು ನೋಡ್ಬುಟ್ಟೆ ಅಂತ ನಂಗೊತ್ತು ಕಣಮ್ಮ. ಅಷ್ಟು ವರ್ಸದಾಗೆ ನಾನು ಇವನ್ನ ಒಂದ್ ದಿನಾನೂ ಎತ್ತಿಲ್ಲ. ಇವ್ನೇ ಹಾರ್ತಿದ್ದ. ಹಾರ ನಾನು ಹಾಕ್ಕೊಂಡೆ." ನಿಂತಿದ್ದವರ ಕಡೆ ತಿರುಗಿದರು. "ಈಗ್ಲೂ ನಾನು ಎದ್ದಿಲ್ಲ ಕಣ್ರಪ್ಪ. ಎತ್ಕೊಂಡ್ ಬಂದಿದ್ದು ಇವ್ನು. ಗಟ್ಟಿಗ ಅಂದ್ರೆ ಇವ್ನು."

ಇಪ್ಪತ್ತೆಂಟು ವರ್ಷ ಕಾದಿದ್ದ ಮಾತು ಕೊನೆಗೂ ಎದುರಿಗೇ ಬಂದಿತ್ತು. ನಾನು ಬಿದ್ದೋನ ಮಗಳು ಎಂದು ಬೀದಿಯ ಎರಡೂ ತುದಿಗೆ ಕೂಗಿ ಹೇಳೋಣ ಅನ್ನಿಸಿತು.

ಅಪ್ಪನಿಗೆ ಮಾತ್ರ ಮುಜುಗರ. "ಬುಡಿ ಯಜಮಾನ್ರೆ, ಅದೇನ್ ದೊಡ್ಡ ವಿಸ್ಯ," ಎನ್ನುತ್ತಾ ನನ್ನ ಕೈ ತಟ್ಟಿದರು. "ಅದನ್ನ ಹಾಕಮ್ಮ, ಹಳದಿ ಚಡ್ಡಿ ಬೀಳಾದು."

ಹಾಕಿದೆ. ಪ್ರಭುದೇವನದೂ ಸೇರಿ ನಾಲ್ಕು ತಲೆಗಳು ಫೋನಿನ ಮೇಲೆ ಬಗ್ಗಿದವು. ಬೆಟ್ಟಪ್ಪ ಎತ್ತಿದ, ಒಗೆದ. ಅಪ್ಪ ಬಾಯಿ ತೆರೆಯುವ ಮೊದಲೇ ಶಂಕರಲಿಂಗಪ್ಪನವರು ಸ್ವಾಧೀನವಿದ್ದ ಬಲಗೈಯಿಂದ ತೊಡೆ ತಟ್ಟಿ, "ಭೇಷ್! ಏನ್ ಬಿದ್ದ ನೋಡ್ರಪ್ಪಾ!" ಎಂದರು.